1973ರ ಯುದ್ಧದ ನಂತರ ಈಜಿಪ್ಟ್ ಮತ್ತು ಇಸ್ರೇಲ್ ಕದನವಿರಾಮದಿಂದ ಶಾಂತಿ ಒಪ್ಪಂದದವರೆಗೆ ಹೋಗಿದ್ದು ಹೇಗೆ?

ಎಲ್ಲಾ ಜಗಳವನ್ನೂ ಒಂದೇ ಸಲ ಬಗೆಹರಿಸಲು ಹೋಗಲಿಲ್ಲ, ಅದಕ್ಕೇ. ಇಸ್ರೇಲ್ ತಾನು ಹಿಡಿದಿದ್ದ ಸಿನಾಯ್ ಮರುಭೂಮಿಯನ್ನು ಕಂತು ಕಂತಾಗಿ ಬಿಟ್ಟುಕೊಟ್ಟಿತು, ಈಜಿಪ್ಟ್ ಯುದ್ಧದ ದಾರಿ ಬಿಟ್ಟಿತು.

ಶುರುವಾಗಿದ್ದು ತೀರಾ ಸಣ್ಣ ವಿಷಯಗಳಿಂದ. ಆ ಅಕ್ಟೋಬರ್ ಕೊನೆಗೆ ಗುಂಡಿನ ಸದ್ದು ನಿಂತಾಗ ಈಜಿಪ್ಟಿನ ಮೂರನೇ ಸೇನೆ ಸೂಯೆಜ್ ಹತ್ತಿರ ಇಸ್ರೇಲಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿತ್ತು. ಅವರಿಗೆ ನೀರು, ಊಟ, ಔಷಧಿ ಬೇಕಿತ್ತು. ಇಸ್ರೇಲಿಗೆ ತನ್ನ ಯುದ್ಧಕೈದಿಗಳು ವಾಪಸ್ ಬೇಕಿತ್ತು. ಕೈರೋ–ಸೂಯೆಜ್ ರಸ್ತೆಯ 101ನೇ ಕಿಲೋಮೀಟರ್ ಬಳಿ ಡೇರೆ ಹಾಕಿ, ಈಜಿಪ್ಟಿನ ಜನರಲ್ ಗಮಾಸಿ ಮತ್ತು ಇಸ್ರೇಲಿನ ಜನರಲ್ ಯಾರಿವ್ ಎದುರುಬದುರು ಕೂತು ಇದನ್ನೇ ಮಾತಾಡಿದರು. ದೊಡ್ಡ ಭಾಷಣಕ್ಕಿಂತ ಇಂಥ ಲೆಕ್ಕಾಚಾರದಲ್ಲೇ ನಂಬಿಕೆ ಜಾಸ್ತಿ ಹುಟ್ಟುತ್ತೆ, ಅಲ್ವಾ?

ಮುಂದಿನದ್ದೂ ಅದೇ ಲೆಕ್ಕ. ಅಮೆರಿಕದ ವಿದೇಶಾಂಗ ಮಂತ್ರಿ ಕಿಸಿಂಜರ್ ಎರಡೂ ಕಡೆ ಓಡಾಡಿ 1974 ಮತ್ತು 1975ರಲ್ಲಿ ಸೇನೆಗಳನ್ನು ದೂರ ಸರಿಸಿದರು. ನಡುವಿನ ಜಾಗದಲ್ಲಿ ವಿಶ್ವಸಂಸ್ಥೆಯ ಪಡೆ ನಿಂತಿತು. ನಡುವೆ ಜಾಗ ಇದ್ದರೆ ದಿಢೀರ್ ದಾಳಿ ಕಷ್ಟ. ಎದುರಿನವರು ಮಾತು ಉಳಿಸಿಕೊಂಡರಾ ಅಂತ ನೋಡಿಯೇ ಮುಂದಿನ ಹೆಜ್ಜೆ ಇಡಬಹುದು.

1977ರಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್ ಜೆರುಸಲೇಮಿಗೇ ಹೋದರು. 1978ರಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ಮಾತುಕತೆ, 1979ರ ಮಾರ್ಚ್‌ನಲ್ಲಿ ಒಪ್ಪಂದ. ಪ್ಯಾಲೆಸ್ಟೀನ್ ಪ್ರಶ್ನೆ ಮಾತ್ರ ಹಾಗೇ ಉಳಿಯಿತು, ಅದೇ ಇದರ ದೊಡ್ಡ ಕೊರತೆ. ಒಪ್ಪಂದ ಮಾಡಿಕೊಂಡಿದ್ದಕ್ಕೆ ಅರಬ್ ದೇಶಗಳ ಕೂಟವಾದ ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟಿತು, 1981ರಲ್ಲಿ ಸಾದತ್ ಕೊಲೆಯಾದರು. ಆದರೂ ಕಂತು ನಿಲ್ಲಲಿಲ್ಲ: 1982ರ ಏಪ್ರಿಲ್‌ನಲ್ಲಿ ಇಸ್ರೇಲ್ ಸಿನಾಯ್ ಬಿಟ್ಟಿತು. ತಾಬಾ ಎಂಬ ಸಣ್ಣ ತುಂಡಿಗೆ ಮಾತ್ರ ಈಜಿಪ್ಟ್ 1989ರವರೆಗೆ ಕಾಯಬೇಕಾಯಿತು.