ಸುರುಳಿ ಇದ್ದರೆ ಅದು ಟ್ರೈಲೋಬೈಟ್ ಅಲ್ಲ

ಪ್ರಶ್ನೆ: ಸರ್, ಸ್ಪಿತಿ ಕಣಿವೆಗೆ ಟ್ರೆಕಿಂಗ್ ಹೋದ ಮಗಳು ಒಂದು ಕರಿ ಗುಂಡುಕಲ್ಲು ಕೊಂಡು ತಂದಿದ್ದಾಳೆ. ಎರಡು ಹೋಳಾಗಿದೆ, ಒಳಗೆ ಸುರುಳಿಯ ಗುರುತಿದೆ. 'ಇದು ಟ್ರೈಲೋಬೈಟ್, ಎವರೆಸ್ಟ್ ತುದಿಯಲ್ಲೂ ಇದೆ' ಅಂದನಂತೆ ಮಾರಿದವನು. ನಿಜವೇ? ಒಂದು ಹೋಳಿನ ಫೋಟೊ ಕಳಿಸಿದ್ದೇನೆ.

ಉತ್ತರ: ಅವನು ಹೇಳಿದ್ದರಲ್ಲಿ ಅರ್ಧ ನಿಜ. ಎವರೆಸ್ಟ್ ಮಾತು ಸರಿ, ಕಲ್ಲಿನ ಹೆಸರು ತಪ್ಪು.

ಫೋಟೊದಲ್ಲಿರುವುದು ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ. ಆಕ್ಟೋಪಸ್‌ನ ದೂರದ ನೆಂಟ, ಆದರೆ ಚಿಪ್ಪಿತ್ತು. ಗಂಡಕಿ ನದಿಯ ಸಾಲಿಗ್ರಾಮದೊಳಗೆ ಚಕ್ರ ಕಾಣುತ್ತದಲ್ಲ, ಅದೂ ಇದೇ ಬಳಗದ್ದು. ಸ್ಪಿತಿಯ ಕರಿ ಜೇಡಿಪದರದಲ್ಲಿ ಇಂಥ ಉಂಡೆಗಲ್ಲುಗಳು ಬೇಕಾದಷ್ಟು ಸಿಗುತ್ತವೆ. ವಯಸ್ಸು ಸುಮಾರು 15 ಕೋಟಿ ವರ್ಷ. ಕೊನೆಯ ಟ್ರೈಲೋಬೈಟ್ ಸತ್ತು ಅಷ್ಟರಲ್ಲಿ 10 ಕೋಟಿ ವರ್ಷ ಆಗಿತ್ತು! ಇಬ್ಬರನ್ನೂ ಒಂದೇ ಮಾಡುವುದು ಹೇಗೆ?

ಟ್ರೈಲೋಬೈಟ್‌ನಲ್ಲಿ ಸುರುಳಿ ಇರುವುದಿಲ್ಲ. ಬೆನ್ನಿನ ಉದ್ದಕ್ಕೂ ಮೂರು ಪಟ್ಟಿ: ನಡುವೆ ಒಂದು ಉಬ್ಬು, ಅದರ ಎರಡೂ ಪಕ್ಕಕ್ಕೆ ಒಂದೊಂದು. ಅಡ್ಡಡ್ಡ ಗೀರುಗಳು. ಏಡಿ, ಚೇಳುಗಳ ಹಾಗೆ ಕೀಲುಕಾಲಿನ ಪ್ರಾಣಿ. ಹೆದರಿದರೆ ಎಷ್ಟೋ ಜಾತಿಗಳು ಉಂಡೆ ಸುತ್ತಿಕೊಳ್ಳುತ್ತಿದ್ದವು. ಬೆಳೆಯುತ್ತಾ ಪೊರೆ ಬಿಡುತ್ತಿದ್ದವು. ಹಾಗಾಗಿ ನಮಗೆ ಸಿಗುವ ಎಷ್ಟೋ ಚೂರುಗಳು ಸತ್ತ ಪ್ರಾಣಿಯದ್ದಲ್ಲ, ಅದು ಬಿಟ್ಟುಹೋದ ಹಳೇ ಅಂಗಿ. ನನಗೆ ಎಲ್ಲಕ್ಕಿಂತ ಇಷ್ಟ ಅದರ ಕಣ್ಣು. ಮಸೂರಗಳು ಕ್ಯಾಲ್ಸೈಟ್‌ನವು. ಅಂದರೆ ಸುಣ್ಣಕಲ್ಲಿನಲ್ಲಿರುವ ಅದೇ ಖನಿಜದ ಮೂಲಕ ಅದು ಲೋಕ ನೋಡುತ್ತಿತ್ತು.

ಈಗ ಎವರೆಸ್ಟ್. 8,848 ಮೀಟರ್ ಮೇಲಿನ ಆ ತುದಿ ಬೂದು ಸುಣ್ಣಕಲ್ಲು, ಆರ್ಡೋವಿಷಿಯನ್ ಕಾಲದ್ದು. ಆ ಕಾಲ ಶುರುವಾದದ್ದು 48.5 ಕೋಟಿ ವರ್ಷಗಳ ಹಿಂದೆ, ಮುಗಿದದ್ದು 44.4 ಕೋಟಿ ವರ್ಷಗಳ ಹಿಂದೆ. ಅದೊಂದು ಬೆಚ್ಚನೆಯ, ಆಳವಿಲ್ಲದ ಸಮುದ್ರದ ತಳವಾಗಿತ್ತು. ಆದರೆ ಹತ್ತಿದವರ ಕಾಲಿಗೆ ಇಡೀ ಟ್ರೈಲೋಬೈಟ್ ಎಡವುತ್ತದೆ ಅಂದುಕೊಳ್ಳಬೇಡಿ. ಕಲ್ಲನ್ನು ಬೆಳಕು ದಾಟುವಷ್ಟು ತೆಳ್ಳಗೆ ಸೀಳಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಟ್ರೈಲೋಬೈಟ್ ಚೂರು, ಸಮುದ್ರ ಲಿಲ್ಲಿಯ (ಹೆಸರು ಹೂವಿನದ್ದು, ಆದರೆ ಪ್ರಾಣಿ) ಚೂರು ಕಾಣುತ್ತವೆ. ಎಲ್ಲ ಪುಡಿಪುಡಿ.

ಇಲ್ಲಿ ಜನ ಜಾಸ್ತಿ ಎಡವುವುದು ಒಂದು ಕಡೆ. ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ. ಭಾರತದ ಭೂಫಲಕ ಏಷ್ಯಾಕ್ಕೆ ಗುದ್ದಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಅಲ್ಲಿಯವರೆಗೆ 40 ಕೋಟಿ ವರ್ಷ ಆ ಸುಣ್ಣಕಲ್ಲು ಸುಮ್ನೆ ಕೆಳಗೇ ಬಿದ್ದಿತ್ತು.

ಸ್ಪಿತಿಯಲ್ಲೂ ಆರ್ಡೋವಿಷಿಯನ್ ಪದರಗಳಿವೆ, ಪಿನ್ ಕಣಿವೆಯ ಮುದ್ ಹಳ್ಳಿಯ ಕಡೆ. ಓದುವಾಗ ನಾನೂ ಅಲ್ಲಿಗೆ ಹೋಗಿದ್ದೆ. ಮೇಲೆ ಬಿಳಿ ಕ್ವಾರ್ಟ್‌ಜೈಟ್ ಗೋಡೆ, ಅದರ ಕೆಳಗೆ ನಾವು ಹುಡುಕುತ್ತಿದ್ದ ಕಂದು ಪದರ. ಅದಕ್ಕೂ ಕೆಳಗೆ ಕೆಂಪು-ನೇರಳೆ ಮರಳುಗಲ್ಲು. ಮೂರು ದಿನ ಬಗ್ಗಿ ನಡೆದದ್ದಕ್ಕೆ ನನಗೆ ಸಿಕ್ಕಿದ್ದು ಕಿರುಬೆರಳಿನ ಉಗುರಿನಷ್ಟು ಒಂದು ಚೂರು, ಮೇಲೆ ಐದಾರು ಗೀರು. ಬಾಲದ ತುಂಡು ಅಂತ ಕುಣಿದಾಡಿದೆ. ಮೇಷ್ಟ್ರು ಲೆನ್ಸ್ ಹಿಡಿದು ನೋಡಿ, 'ಮುರಿದ ಚಿಪ್ಪು ಕಣಯ್ಯಾ, ಬ್ರಾಕಿಯೊಪಾಡ್' ಅಂದರು. ಆದ್ದರಿಂದ ಕಲ್ಲು ಮಾರಿದವನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ.

ಅಂದಹಾಗೆ, ಇನ್ನೊಂದು ಹೋಳನ್ನು ಎಸೆದಿಲ್ಲ ತಾನೆ? ಫೋಟೊದಲ್ಲಿರುವುದು ಬರೀ ತಗ್ಗಾದ ಅಚ್ಚು. ಚಿಪ್ಪಿನ ಉಬ್ಬು ಉಳಿದಿರುವುದು ಆ ಹೋಳಿನಲ್ಲಿ.