ತುಮಕೂರಿನಲ್ಲಿದ್ದೇನೆ, ಹಕ್ಕಿ ಫೋಟೋ ತೆಗೆಯೋ ಹುಚ್ಚು ಹತ್ತಿದೆ. ಯಾವ ಕ್ಯಾಮೆರಾ ಕೊಳ್ಳಲಿ, ಯಾವ ಕಾಡಿಗೆ ಹೋಗಲಿ?

ನಾನೂ ತುಮಕೂರಿನವನೇ. ಸದ್ಯಕ್ಕೆ ಕಾಡು ಬೇಡ. ಮನೆಗೆ ಹತ್ತಿರದ ಒಂದು ಕೆರೆ ಹಿಡಿಯಿರಿ. ಅಮಾನಿಕೆರೆ ಆದರೂ ಸರಿ, ನಿಮ್ಮೂರಿನ ಕೆರೆ ಆದರೂ ಸರಿ. ಅಲ್ಲಿ ಒಂದೇ ಹಕ್ಕಿಯ ಹಿಂದೆ ಬೀಳಿ.

ಕಳ್ಳಿಪೀರದಿಂದ ಶುರು ಮಾಡಿ. ಹಸಿರು ಮೈ, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ, ಬಾಲದ ತುದಿಯಲ್ಲಿ ಸಣ್ಣ ಕಡ್ಡಿ. ತಂತಿ ಮೇಲೋ ಜಾಲಿ ಕೊಂಬೆ ಮೇಲೋ ಕೂತಿರುತ್ತದೆ. ಛಂಗನೆ ಹಾರಿ ಹುಳ ಹಿಡಿದು ಹೆಚ್ಚಾಗಿ ಅದೇ ಕೊಂಬೆಗೆ ವಾಪಸ್ ಬರುತ್ತದೆ. ಜೇನುಹುಳ ಸಿಕ್ಕರೆ ಸೀದಾ ನುಂಗುವುದಿಲ್ಲ. ಕೊಂಬೆಗೆ ಟಪಟಪ ಬಡಿದು, ಹುಳದ ಹೊಟ್ಟೆಯ ತುದಿಯನ್ನು ಕೊಂಬೆಗೆ ಉಜ್ಜಿ, ಮುಳ್ಳು ತೆಗೆದ ಮೇಲೆ ಮೇಲಕ್ಕೆ ಚಿಮ್ಮಿ ನುಂಗುತ್ತದೆ. ಇದು ಗೊತ್ತಿದ್ದವರು ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಬೆನ್ನಿಗೆ ಬಿಸಿಲು ಬರುವ ಹಾಗೆ ಕೂತು, ಖಾಲಿ ಕೊಂಬೆಗೆ ಫೋಕಸ್ ಇಟ್ಟುಕೊಂಡು ಕಾಯುತ್ತಾರೆ. ಕೂತು ಅಂದೆ, ನೋಡಿ. ಕೆರೆ ಏರಿ ಮೇಲೆ ನಿಂತರೆ ಆಕಾಶದ ಎದುರು ನಿಮ್ಮ ಆಕಾರ ಎದ್ದು ಕಾಣುತ್ತದೆ, ಹಕ್ಕಿ ದೂರದಿಂದಲೇ ಹಾರುತ್ತದೆ. ಕೆಳಗೆ ಕೂತರೆ ಫೋಟೋನೂ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಕ್ಯಾಮೆರಾ ವಿಚಾರ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ 70-300 ಎಂಎಂ ಜೂಮ್ ಲೆನ್ಸ್ ಸಾಕು. ಏನೂ ಇಲ್ಲದಿದ್ದರೆ ನಿಕಾನ್ ಪಿ950 ಥರದ ದೊಡ್ಡ ಜೂಮ್ ಕ್ಯಾಮೆರಾ ನೋಡಿ. ಹೊತ್ತು ಏರಿದ ಮೇಲೆ ಚೆನ್ನಾಗಿ ಬರುತ್ತದೆ, ಮಬ್ಬು ಬೆಳಕಿನಲ್ಲಿ ಚಿತ್ರ ಒಡೆಯುತ್ತದೆ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡಿನ ಆಸುಪಾಸು ಇರಲಿ, ಅದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಹೆದರಬೇಡಿ. ಬೆಳ್ಳಕ್ಕಿ ತೆಗೆಯುವಾಗ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಗರಿಯ ಗೆರೆಗಳೆಲ್ಲ ಹೋಗಿ ಸುಮ್ನೆ ಒಂದು ಬಿಳಿ ಮಚ್ಚೆ ಉಳಿಯುತ್ತದೆ. ಕಪ್ಪು ಮೈಯ ಕಾಜಾಣಕ್ಕೆ ಇದರ ಉಲ್ಟಾ.

ಕೈ ಕುದುರಿದ ಮೇಲೆ ಶಿರಾ ಕಡೆಯ ಕಗ್ಗಲಡುವಿಗೆ ಹೋಗಿ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಊರಿನವರೇ ಕಾಪಾಡಿಕೊಂಡು ಬಂದಿದ್ದಾರೆ, ಅವರನ್ನು ಮಾತಾಡಿಸಿ ಆಮೇಲೆ ಕ್ಯಾಮೆರಾ ತೆಗೆಯಿರಿ. ಬೇಸಿಗೆಯ ಉರಿಯಲ್ಲಿ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಕೊಡುವುದು ಅಲ್ಲಿ ಕಾಣುತ್ತದೆ. ಡ್ರೋನ್ ಹಾರಿಸಿ ಅವನ್ನು ಎಬ್ಬಿಸಿದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ ಬಂದು ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಅಂಥ ಫೋಟೋ ಯಾರಿಗೆ ಬೇಕು ಹೇಳಿ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು ಇನ್ನೊಂದು ಲೋಕ. ಜನ ಕೃಷ್ಣಮೃಗ ನೋಡಲು ಹೋಗುತ್ತಾರೆ. ನೀವು ಚಳಿಗಾಲದಲ್ಲಿ ಹೋಗಿ, ಹುಲ್ಲಿನ ಮೇಲೆ ತೇಲಿಕೊಂಡು ಬೇಟೆ ಹುಡುಕುವ ‘ಸೆಳೆವ’ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳನ್ನು ನೋಡಿ. ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ದಾರಿ ಬಿಟ್ಟು ಗಾಡಿ ಓಡಿಸಬೇಡಿ. ಟಿಟ್ಟಿಭದಂಥವು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ, ಕಲ್ಲಿನದೇ ಬಣ್ಣ, ಚಕ್ರದ ಕೆಳಗೆ ಹೋದರೂ ಗೊತ್ತಾಗುವುದಿಲ್ಲ.

ದೇವರಾಯನದುರ್ಗದ ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕತ್ತಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅದಕ್ಕೇ ಎಲ್ಲರಿಗೂ ಅದರ ಫೋಟೋ ಬೇಕು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವವರೂ ಜಾಸ್ತಿ. ದಯವಿಟ್ಟು ಅದು ಬೇಡ. ತನ್ನ ಜಾಗಕ್ಕೆ ಬೇರೆ ಹಕ್ಕಿ ನುಗ್ಗಿತು ಅಂದುಕೊಂಡು ಅದು ಮೇವು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಬೆಳಗ್ಗೆ ಬೇಗ ಹತ್ತಿ, ಅತ್ತಿಯೋ ಆಲವೋ ಹಣ್ಣು ಬಿಟ್ಟಿರುವ ಕಡೆ ಕೂತುಕೊಳ್ಳಿ. ಹಣ್ಣಿಗೆ ಅದು ತಾನಾಗೇ ಬರುತ್ತದೆ.