ಪ್ರಾದೇಶಿಕ ಅಸಮಾನತೆ ಭಾರತದಲ್ಲಿ ಹೆಚ್ಚೋ, ಚೀನಾದಲ್ಲಿ ಹೆಚ್ಚೋ?

ಭಾರತ, ಚೀನಾ ಎರಡರಲ್ಲಿ ಪ್ರಾದೇಶಿಕ ಅಸಮಾನತೆ ಎಲ್ಲಿ ಹೆಚ್ಚು ಎಂದು ಕೇಳಿದ್ದೀರಿ. ರಾಜ್ಯ ರಾಜ್ಯಗಳ ನಡುವಿನ ಅಂತರ ಹಿಡಿದು ಹೇಳುವುದಾದರೆ ಭಾರತದಲ್ಲೇ ಹೆಚ್ಚು. ಚೀನಾದ ಕಡುಬಡ ಪ್ರಾಂತ್ಯವಾದ ಗಾನ್ಸುವಿನ ತಲಾ ಉತ್ಪನ್ನ ಅಲ್ಲಿನ ರಾಷ್ಟ್ರೀಯ ಸರಾಸರಿಯ ಅರ್ಧಕ್ಕಿಂತ ತುಸು ಮೇಲಿದೆ. ನಮ್ಮ ಬಿಹಾರದ ತಲಾ ಆದಾಯ ದೇಶದ ಸರಾಸರಿಯ ಮೂರನೇ ಒಂದು ಭಾಗ ಮಾತ್ರ.

ಚೀನಾದಲ್ಲೂ ಮೊದಲು ಅಂತರ ಬೆಳೆದಿತ್ತು. 1980ರಲ್ಲಿ ಶೆನ್‌ಜೆನ್‌ನಂತಹ ಕರಾವಳಿ ಊರುಗಳಿಗೆ ವಿಶೇಷ ಆರ್ಥಿಕ ವಲಯದ ಸವಲತ್ತು ಸಿಕ್ಕಿತು, ಒಳನಾಡು ಹಿಂದೆ ಬಿತ್ತು. 2000ದ ಹೊತ್ತಿಗೆ ಸರ್ಕಾರ ಪಶ್ಚಿಮ ಪ್ರಾಂತ್ಯಗಳ ರೈಲು, ರಸ್ತೆ, ವಿದ್ಯುತ್ತಿಗೆ ಹಣ ಸುರಿಯತೊಡಗಿತು. ಕರಾವಳಿಯಲ್ಲಿ ಕೂಲಿ ಏರಿದಂತೆ ಕಾರ್ಖಾನೆಗಳೂ ಒಳನಾಡಿಗೆ ಸರಿದವು. ಐಫೋನ್ ಜೋಡಿಸುವ ಬೃಹತ್ ಘಟಕ 2010ರಲ್ಲಿ ಒಳನಾಡಿನ ಝೆಂಗ್‌ಝೌ ನಗರಕ್ಕೆ ಬಂತು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕಿನ ಸಾಗಣೆ ವೆಚ್ಚವನ್ನು ದೇಶದಾದ್ಯಂತ ಸಮ ಮಾಡಿಟ್ಟೆವು. ಗಣಿಯ ಮಗ್ಗುಲಲ್ಲೇ ಇದ್ದ ಅಂದಿನ ಬಿಹಾರಕ್ಕೆ (ಇಂದಿನ ಜಾರ್ಖಂಡ್ ಆಗ ಅದರಲ್ಲೇ ಇತ್ತು) ಹತ್ತಿರವಿದ್ದುದರ ಲಾಭವೇ ದಕ್ಕಲಿಲ್ಲ. ಇದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಗೆ ಟೈಲ್ಸ್ ಕೂರಿಸಿದವನು ಬಿಹಾರದ ಮಧುಬನಿಯವನು. ಸಂಜೆ ಕೈಕಾಲು ತೊಳೆದು, ಸಿಮೆಂಟ್ ಚೀಲದ ಮೇಲೆ ಕುಳಿತು, ಊರಲ್ಲಿರುವ ಮಗಳಿಂದ ಫೋನ್‌ನಲ್ಲಿ ಮಗ್ಗಿ ಹೇಳಿಸುತ್ತಿದ್ದ. ಹದಿಮೂರರ ಮಗ್ಗಿಯಲ್ಲಿ ಹುಡುಗಿ ತಡವರಿಸಿದರೆ ಮತ್ತೆ ಮೊದಲಿನಿಂದ. ಅವಳನ್ನು ಇಲ್ಲಿನ ಶಾಲೆಗೆ ಸೇರಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ; ಅಡ್ಡ ಬರುವುದು ಬಾಡಿಗೆ ಮತ್ತು ಭಾಷೆ. ಚೀನಾದಲ್ಲಿ ಕಾನೂನೇ ಅಡ್ಡ. ಹುಕೌ ಎಂಬ ಕುಟುಂಬ ನೋಂದಣಿ ಹಳ್ಳಿಯಲ್ಲಿದ್ದರೆ ದೊಡ್ಡ ನಗರಗಳ ಶಾಲೆ, ಪಿಂಚಣಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಅಜ್ಜ ಅಜ್ಜಿಯರ ಬಳಿ ಬೆಳೆಯುವ ಮಕ್ಕಳು ಅಲ್ಲಿ ಕೋಟಿಗಟ್ಟಲೆ. ಪ್ರಾಂತ್ಯಗಳ ಅಂತರ ಇಳಿಸಿದ ದೇಶ ಹಳ್ಳಿ ಮತ್ತು ನಗರದ ನಡುವಿನ ಗೋಡೆಯನ್ನು ಹಾಗೆಯೇ ಉಳಿಸಿಕೊಂಡಿದೆ.

ನೀವು ಇನ್ನೂ ಓದುವವರಾದರೆ ರಾಜ್ಯದ ಸರಾಸರಿಗೇ ನಿಲ್ಲಬೇಡಿ, ತಾಲ್ಲೂಕಿಗೆ ಇಳಿಯಿರಿ. ಬೆಂಗಳೂರಿನ ಬಲದಿಂದ ಕರ್ನಾಟಕ ಶ್ರೀಮಂತ ರಾಜ್ಯಗಳ ಸಾಲಿನಲ್ಲಿದೆ. ಆದರೆ ಪ್ರಾದೇಶಿಕ ಅಸಮಾನತೆ ಅಳೆಯಲು ರಾಜ್ಯ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಆ ಪೈಕಿ 26 ಉತ್ತರ ಕರ್ನಾಟಕದವು. ಗದಗ ಜಿಲ್ಲೆಯ ಮುಂಡರಗಿ ನನ್ನ ಊರು. ಹಿಂಗಾರು ಕೈಕೊಟ್ಟ ವರ್ಷ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಜನ ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗಿರುತ್ತಾರೆ. ಅಲ್ಲಿ ಅವರೂ ಟೈಲ್ಸ್ ಹೊರುತ್ತಾರೆ.